14 ತಿಂಗಳ ಮಗ ಅನ್ನ ಮುಟ್ಟುತ್ತಿಲ್ಲ, ಮಧ್ಯಾಹ್ನ ಮಲಗುತ್ತಿಲ್ಲ. ನಿಮ್ಮನೆಯಲ್ಲಿ ಹೇಗೆ ಹೊಂದಿಸಿದಿರಿ?

ಉತ್ತರಹಳ್ಳಿ ಅಮ್ಮ
ಮಗ ಬೆಳಿಗ್ಗೆ ಒಂದು, ಸಂಜೆ ಒಂದು ನಿದ್ದೆ ಮಾಡುತ್ತಿದ್ದ. ಈಗ ಸಂಜೆಯದ್ದು ಬಿಟ್ಟಿದ್ದಾನೆ. 10 ಗಂಟೆಗೆ ಮಲಗಿ ಎದ್ದರೆ ಆಮೇಲೆ ರಾತ್ರಿವರೆಗೂ ರಚ್ಚೆ. ಅನ್ನದ ತಟ್ಟೆ ಕಂಡರೆ ಬಾಯಿ ಬಿಗಿ ಹಿಡಿಯುತ್ತಾನೆ, ಹಾಲು ಮಾತ್ರ ಎಷ್ಟು ಕೊಟ್ಟರೂ ಬೇಕು. ಮುಂದಿನ ತಿಂಗಳು ಅತ್ತೆ ಹಾಸನಕ್ಕೆ ಹೊರಡುತ್ತಾರೆ, ನನಗೆ ವಾರಕ್ಕೆ ಮೂರು ದಿನ ಬೆಳ್ಳಂದೂರಿನ ಆಫೀಸ್. ಅನುಭವ ಇದ್ದವರು ದಯವಿಟ್ಟು ಹೇಳಿ.

ಬನಶಂಕರಿ 3ನೇ ಹಂತ
ಹಾಲು ಅಂದ ತಕ್ಷಣ ಬರೆಯಲೇಬೇಕು ಅನ್ನಿಸಿತು. ನನ್ನ ಮಗಳಿಗೆ ದಿನಕ್ಕೆ ನಂದಿನಿ ಅರ್ಧ ಲೀಟರಿನ ಪ್ಯಾಕೆಟ್ ಎರಡು ಬೇಕಿತ್ತು. ಗುಂಡಗಿದ್ದಳು, ನೋಡಿದವರೆಲ್ಲ ದೃಷ್ಟಿ ತೆಗೀರಿ ಅನ್ನುತ್ತಿದ್ದರು. ಆದರೆ ಮುಖ ಬಿಳುಚಿಕೊಂಡಿತ್ತು. ಬಾಲ್ಕನಿ ಗೋಡೆಯ ಸುಣ್ಣ ಉಗುರಲ್ಲಿ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮೊದಲು ತೋರಿಸಿದ ಡಾಕ್ಟರು ಹಲ್ಲು ಬರ್ತಿದೆ ಅಂತ ವಸಡಿಗೆ ಹಚ್ಚುವ ಜೆಲ್ ಬರೆದುಕೊಟ್ಟರು. 600 ರೂಪಾಯಿ ಫೀಸು, ಜೆಲ್ಲಿಗೆ 145. ಎರಡು ವಾರ ಬಿಟ್ಟು ಮತ್ತೆ ಬನ್ನಿ ಅಂದರು, ಮತ್ತೆ 600.

ಬೇರೆಯವರ ಹತ್ತಿರ ಹೋದಾಗ ಅವರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ನೇರ ರಕ್ತ ಪರೀಕ್ಷೆಗೆ ಕಳಿಸಿದರು. ಹಿಮೋಗ್ಲೋಬಿನ್ 7.9! ಆ ವಯಸ್ಸಿಗೆ 11ರ ಹತ್ತಿರ ಇರಬೇಕಿತ್ತು. ಹಸುವಿನ ಹಾಲಲ್ಲಿ ಕಬ್ಬಿಣ ತೀರಾ ಕಡಿಮೆ, ಸಾಲದ್ದಕ್ಕೆ ಬೇರೆ ಊಟದಲ್ಲಿರುವ ಕಬ್ಬಿಣವನ್ನೂ ಮೈಗೆ ಹತ್ತಲು ಬಿಡುವುದಿಲ್ಲ ಅಂತ ಅವರೇ ವಿವರಿಸಿದ್ದು. ಹೊಟ್ಟೆ ಹಾಲಲ್ಲೇ ತುಂಬಿದರೆ ಅನ್ನ ಯಾಕೆ ಬೇಕು ಹೇಳಿ? ದಿನಕ್ಕೆ ಅರ್ಧ ಲೀಟರ್ ಮೀರಬೇಡಿ ಅಂದರು.

ಆಮೇಲೆ ಶುರುವಾಯಿತು ಕಬ್ಬಿಣದ ಡ್ರಾಪ್ಸ್ ಕಥೆ. ಹಾಲಿನ ಜೊತೆ ಕೊಡಬಾರದು, ಮಧ್ಯೆ ಹೊತ್ತು ಬಿಡಬೇಕು. ನಿಂಬೆರಸ ಅಥವಾ ಮೂಸಂಬಿ ರಸದ ಜೊತೆ ಚೆನ್ನಾಗಿ ಹಿಡಿಯುತ್ತದೆ. ಹಲ್ಲು ಕಪ್ಪಾಗುತ್ತದೆ, ಅದಕ್ಕೆ ನಾಲಿಗೆಯ ಹಿಂದಕ್ಕೆ ಬಿಡಬೇಕು. ಕಕ್ಕ ಕಪ್ಪಗೆ ಆದಾಗ ನಮ್ಮತ್ತೆ ಗಾಬರಿಯಾಗಿ ಅತ್ತೇ ಬಿಟ್ಟರು. ಬಿಳಿ ಫ್ರಾಕುಗಳೆಲ್ಲ ತುಕ್ಕಿನ ಕಲೆ, ಒಂದೂ ಹೋಗಲಿಲ್ಲ. ಮೂರು ತಿಂಗಳಲ್ಲಿ ಪರೀಕ್ಷೆ, ಫೀಸು, ಔಷಧಿ, ಆಟೋ ಸೇರಿ 9 ಸಾವಿರ ದಾಟಿತು. ಹಾಲು ಕಡಿಮೆ ಮಾಡಿದ ಮೇಲೆ ಊಟ ತಾನಾಗೇ ಬಂತು, ರಾತ್ರಿ ನಿದ್ದೆಯೂ ಬಂತು. ಆ ಮೊದಲ ಡಾಕ್ಟರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಬಿಟಿಎಂ ಅಪ್ಪ
ನಮ್ಮದು ಡೇಕೇರ್ ದಾರಿ. ಬೆಳ್ಳಂದೂರಲ್ಲೇ, ಹೆಂಡತಿಯ ಆಫೀಸ್ ಹತ್ತಿರ. ತಿಂಗಳಿಗೆ 16,500. ಸೇರಿಸುವಾಗ 25,000, ಅದು ವಾಪಸ್ ಬರಲ್ಲ. ಊಟಕ್ಕೆ ಬೇರೆ 2,800. ಸಂಜೆ 6:30 ದಾಟಿದರೆ ಅರ್ಧ ಗಂಟೆಗೆ 200. ಮಳೆ ಬಂದ ದಿನ ಔಟರ್ ರಿಂಗ್ ರೋಡ್ ನಿಂತುಹೋದರೆ ಆ 200 ಕಟ್ಟಿಟ್ಟ ಬುತ್ತಿ. ಮೊದಲ ಎರಡು ತಿಂಗಳು ಶೀತ, ಜ್ವರ, ಆಮೇಲೆ ಕೈ ಕಾಲು ಬಾಯಲ್ಲೆಲ್ಲ ಗುಳ್ಳೆ. ಮಗು ಹೋಗದ ದಿನಕ್ಕೂ ಪೂರ್ತಿ ದುಡ್ಡು.

ಇಷ್ಟಾದರೂ ಹೇಳುತ್ತೇನೆ, ಎರಡು ನಿದ್ದೆ ಒಂದಾಗಿದ್ದು ಅಲ್ಲೇ. 11:30ಕ್ಕೆ ಎಲ್ಲ ಮಕ್ಕಳಿಗೂ ಒಟ್ಟಿಗೆ ಊಟ, 12:30ಕ್ಕೆ ಪರದೆ ಎಳೆದು ಚಾಪೆ ಹಾಸುತ್ತಾರೆ. ಪಕ್ಕದ ಮಗು ಮಲಗಿದ್ದು ನೋಡಿ ನಮ್ಮವನೂ ಮಲಗಿದ. ಈ ವಯಸ್ಸಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ನಮ್ಮವನದು 12ಕ್ಕೆ ಬಂದು ನಿಂತಿದೆ. ತೊಂದರೆ ಒಂದೇ, ವಾಪಸ್ ಬರುವ ದಾರಿ. ಸಿಲ್ಕ್ ಬೋರ್ಡ್ ಹತ್ತಿರ ಕಾರು ನಿಂತಿತು ಅಂದರೆ ಹಿಂದಿನ ಸೀಟಲ್ಲಿ ಕಣ್ಣು ಮುಚ್ಚಿದ ಅಂತಲೇ ಲೆಕ್ಕ. ಏಳು ಗಂಟೆಗೆ ಇಪ್ಪತ್ತು ನಿಮಿಷ ಕಾರಲ್ಲಿ ಮಲಗಿದರೆ ರಾತ್ರಿ 11ರವರೆಗೆ ಮನೆಯೆಲ್ಲ ಓಡಾಟ.

ರಾಜಾಜಿನಗರ ಅಜ್ಜಿ
ಮಗು ಹೆತ್ತು ತಿಂಗಳಿಗೆ ಇಪ್ಪತ್ತು ಸಾವಿರ ಕೊಟ್ಟು ಯಾರದೋ ಮಡಿಲಿಗೆ ಹಾಕುವುದು ನನಗೆ ಅರ್ಥವಾಗದ ವಿಷಯ. ಮೊಮ್ಮಗಳನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಅವಳಿಗೆ ಕೊಡುವುದು ರಾಗಿ ಸರಿ, ಅಂದರೆ ರಾಗಿ ಹಿಟ್ಟಿನ ಗಂಜಿ. ಅಂಗಡಿಯ ಡಬ್ಬಿದಲ್ಲ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಬೇಕು. ನೆರಳಲ್ಲಿ ಒಣಗಿಸಬೇಕು, ಮೊಳಕೆ ಉಜ್ಜಿ ತೆಗೆಯಬೇಕು, ಘಮ್ ಅನ್ನುವವರೆಗೆ ಹುರಿಯಬೇಕು. ಮಿಲ್ಲಿಗೆ ಹೋಗುವಾಗ ಒಂದು ಮಾತು ನೆನಪಿಡಿ, ಮೆಣಸಿನಪುಡಿ ಮಾಡಿದ ಮೇಲೆ ಅದೇ ಮಿಷನ್ನಿಗೆ ನಿಮ್ಮ ರಾಗಿ ಹಾಕಬಾರದು. ಮೊದಲು ಒಂದು ಹಿಡಿ ಅಕ್ಕಿ ಹಾಕಿಸಿ. ಮನೆಗೆ ತಂದು ಹಳೇ ಮಲ್ ಪಂಚೆಯಲ್ಲಿ ವಸ್ತ್ರಗಾಲಿತ ಮಾಡಬೇಕು. ಪಂಚೆಯನ್ನು ಪಾತ್ರೆಯ ಬಾಯಿಗೆ ಬಿಗಿದು ಅಂಗೈಯಲ್ಲಿ ತಿಕ್ಕಿದರೆ ಕೆಳಗೆ ಪೌಡರಿನಂತೆ ಇಳಿಯುತ್ತದೆ. ಒಂದು ಕೆಜಿ ಸೋಸಲು ಮಧ್ಯಾಹ್ನ ಪೂರ್ತಿ ಬೇಕು, ಭುಜ ಬಿದ್ದುಹೋಗುತ್ತದೆ. ಆದರೂ ಮಾಡುತ್ತೇನೆ.

ನಿದ್ದೆಗೆ ಜೋಲಿ. ಹಳೇ ಕಾಟನ್ ಸೀರೆ, ನಾಲ್ಕು ಸಲ ಜೀಕಿದರೆ ಮಗು ಮಲಗುತ್ತದೆ.

ಬಿಟಿಎಂ ಅಪ್ಪ
ಅಮ್ಮಾ, ನೀವು ದೊಡ್ಡವರು. ಆದರೆ "ಯಾರದೋ ಮಡಿಲು" ಅನ್ನಬೇಡಿ. ನನ್ನ ತಾಯಿ ತೀರಿಕೊಂಡಿದ್ದಾರೆ, ಅತ್ತೆಗೆ ಮಂಡಿ ಆಪರೇಷನ್ ಆಗಿದೆ. 41 ಸಾವಿರ ಮನೆ ಸಾಲದ ಕಂತು ಒಬ್ಬರ ಸಂಬಳದಲ್ಲಿ ಆಗಲ್ಲ. ಅಲ್ಲಿನ ಆಯಾ ನನ್ನ ಮಗನಿಗೆ ಕೈಯಾರೆ ಮೊಸರನ್ನ ತಿನ್ನಿಸುತ್ತಾರೆ. ಅವರ ಬಗ್ಗೆ ಹಗುರವಾಗಿ ಮಾತಾಡಿದರೆ ನನಗೆ ನೋವಾಗುತ್ತದೆ.

ನಾಗರಬಾವಿ
ಬಿಟಿಎಂ ಅಪ್ಪ ಹೇಳಿದ್ದು ಸರಿ. ಅಜ್ಜಿ ಇಲ್ಲದ ಮನೆಯವರು ಏನು ಮಾಡಬೇಕು? 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಕೂಸುಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು ಅಂತ 2017ರಲ್ಲೇ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದರು. ನಮ್ಮ ಕಂಪನಿಯಲ್ಲಿ ಕೇಳಿದರೆ, 11 ಕಿಲೋಮೀಟರ್ ದೂರದ ಒಂದು ಡೇಕೇರ್ ಹೆಸರು ಕೊಟ್ಟು ಅಲ್ಲಿ ನಿಮಗೆ ರಿಯಾಯಿತಿ ಇದೆ ಅಂದರು. ಎಚ್‌ಆರ್‌ಗೆ ಮೇಲ್ ಬರೆದು ಬರೆದು ಸುಸ್ತಾಗಿ ಕೊನೆಗೆ ಕೆಲಸ ಬಿಟ್ಟೆ. ಬಿಟ್ಟಿದ್ದಕ್ಕೆ ಬೇಜಾರಿಲ್ಲ. ಬಿಡುವ ಹಾಗೆ ಮಾಡಿದರಲ್ಲ, ಅದಕ್ಕೆ ಬೇಜಾರು.

ಊಟದ ವಿಷಯ: ನಾನು ಒಂದು ತುತ್ತೂ ಬಾಯಿಗೆ ತುರುಕಿಲ್ಲ. ಮುಂದೆ ಇಟ್ಟುಬಿಡುತ್ತೇನೆ. ಉದ್ದುದ್ದ ಹೆಚ್ಚಿ ಬೇಯಿಸಿದ ಕ್ಯಾರೆಟ್, ಇಡ್ಲಿ ತುಂಡು, ತುಪ್ಪ ಸವರಿದ ದೋಸೆ, ಪುಟ್ಟಬಾಳೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ, ಇಡೀ ಕಡಲೆಕಾಯಿ ಬೀಜ ಕೊಡಲೇಬೇಡಿ. ಓಕರಿಸಿದರೆ, ಕೆಮ್ಮಿದರೆ ಹೆದರಬೇಡಿ, ಮಗು ತಾನೇ ಹೊರಗೆ ಹಾಕುತ್ತದೆ. ಸದ್ದೇ ಇಲ್ಲದೆ ಮುಖ ಬಣ್ಣ ತಿರುಗಿದರೆ ಅದು ಅಪಾಯ. ಆಗ ಬೆನ್ನಿಗೆ ಹೇಗೆ ಗುದ್ದಬೇಕು ಅಂತ ಮನೆಯವರೆಲ್ಲ ಮೊದಲೇ ಕಲಿತಿರಬೇಕು. ನೆಲವೆಲ್ಲ ಅನ್ನ, ದಿನಕ್ಕೆ ಮೂರು ಸಲ ಒರೆಸಬೇಕು. ಮನೆಕೆಲಸದವರು ಇದೇ ಕಾರಣಕ್ಕೆ 500 ಜಾಸ್ತಿ ಕೇಳಿದರು, ಕೊಟ್ಟೆ.

ರಾಜಾಜಿನಗರ ಅಜ್ಜಿ
ನಾನು ಆಯಾಗಳನ್ನು ಬೈದಿಲ್ಲ. ಆದರೆ ಹಲ್ಲು ಸರಿಯಾಗಿ ಬರದ ಮಗುವಿನ ಮುಂದೆ ದೋಸೆ ಇಟ್ಟು ನೀನೇ ತಿನ್ನು ಅನ್ನುವುದು ಸರಿಯಲ್ಲ ಕಣಮ್ಮಾ. ನಮ್ಮ ಕಾಲದಲ್ಲಿ ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ, ಅಂದರೆ ಮೂತಿ ಇರುವ ಪುಟ್ಟ ಬಟ್ಟಲಲ್ಲಿ, ಬಾಯಿಗೆ ಹಾಕುತ್ತಿದ್ದೆವು. ಎಲ್ಲರೂ ಗಟ್ಟಿಯಾಗಿಯೇ ಬೆಳೆದರು.

ನಾಗರಬಾವಿ
ಎಲ್ಲರೂ ಅಲ್ಲ. ನನ್ನ ಅಕ್ಕನ ಮಗುವಿಗೆ ಅಳುವಾಗ ಹಾಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿತ್ತು. ಐಸಿಯು ಹೊರಗೆ ಕೂತವರಿಗೇ ಗೊತ್ತು ಅದರ ಸಂಕಟ. ಬಿಲ್ಲು 1,18,000. ಅಂಗಾತ ಮಲಗಿಸಿ ಬಾಯಿಗೆ ಸುರಿಯುವ ಮಾತನ್ನು ಇಲ್ಲಿ ಹೇಳಬೇಡಿ, ಹೊಸಬರು ಓದುತ್ತಿರುತ್ತಾರೆ.

ಬನಶಂಕರಿ 3ನೇ ಹಂತ
ಅಜ್ಜಿಯ ರಾಗಿ ಸರಿಗೆ ನನ್ನ ಓಟು. 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ 340 ಮಿಲಿಗ್ರಾಂಗೂ ಮೇಲಿದೆ, ಹಾಗಾಗಿ ಹಾಲು ಕಡಿಮೆ ಮಾಡಲು ಧೈರ್ಯ ಬರುತ್ತದೆ. ಒಳಲೆ ಮಾತ್ರ ಬೇಡವೇ ಬೇಡ. ಒಂದು ವರ್ಷ ದಾಟಿದ ಮಗು ಕೂತು ಲೋಟದಲ್ಲಿ ಕುಡಿಯಬೇಕು.

ಕನಕಪುರ ರಸ್ತೆ ಅಪಾರ್ಟ್‌ಮೆಂಟ್
ಜೋಲಿ ಅಂದಿರಲ್ಲ, ಕಟ್ಟುವುದು ಎಲ್ಲಿಗೆ? ನಮ್ಮ ಕಟ್ಟಡದ್ದು ಪೋಸ್ಟ್ ಟೆನ್ಷನ್ ಸ್ಲ್ಯಾಬ್, ಒಳಗೆ ಬಿಗಿದ ಕೇಬಲ್ ಇರುತ್ತದೆ. ಸೀಲಿಂಗ್‌ಗೆ ತೂತು ಕೊರೆಯುವ ಹಾಗೇ ಇಲ್ಲ. ಸ್ಟ್ಯಾಂಡ್ ಜೋಲಿ 3,400 ಕೊಟ್ಟು ತಂದೆವು. ಹತ್ತು ಕೆಜಿ ದಾಟಿದ ಮಗು ಎದ್ದು ನಿಂತು ಬಗ್ಗಿದಾಗ ಸ್ಟ್ಯಾಂಡ್ ಸಮೇತ ವಾಲಿತು, ನಾನು ಪಕ್ಕದಲ್ಲೇ ಇದ್ದೆ. ಅವತ್ತಿಂದ ನೆಲದ ಮೇಲೆ ಹಾಸಿಗೆ.

ನಮ್ಮ ನಿದ್ದೆ ಹಾಳು ಮಾಡಿದ್ದು ಮೇಲಿನ ಮನೆ. ಅಡುಗೆಮನೆ ಒಡೆದು ಕಟ್ಟಿಸುತ್ತಿದ್ದಾರೆ. 1 ಗಂಟೆಗೆ ಮಗು ಕಣ್ಣು ಮುಚ್ಚಿದರೆ 1:10ಕ್ಕೆ ಡ್ರಿಲ್ಲಿಂಗ್. ಅಸೋಸಿಯೇಷನ್ ನಿಯಮದಲ್ಲಿ 2ರಿಂದ 4 ಸದ್ದು ಮಾಡಬಾರದು ಅಂತಿದೆ. ಆದರೆ ಮಗು ಮಲಗುವುದು 1ಕ್ಕೆ!

ಜೆಪಿ ನಗರ 7ನೇ ಹಂತ
ಮನೆ ಕೆಲಸ ಮಾಡಿಸುವವರ ಕಷ್ಟವನ್ನೂ ನೋಡಿ. ನನ್ನದು ಈಗ ಅದೇ ಸ್ಥಿತಿ. ಟೈಲ್ಸ್ ಹಾಕುವವರ ಕೂಲಿ ದಿನಕ್ಕೆ ತಲಾ 1,200, ಇಬ್ಬರು. ಎರಡು ಗಂಟೆ ಸುಮ್ನೆ ಕೂರಿಸಿದರೂ ಪೂರ್ತಿ ಕೊಡಬೇಕು. ಕೆಳಗಿನ ಮನೆಯವರಿಗೆ ಮಗುವಿದೆ ಅಂತ 1ರಿಂದ 3 ಅಂಟಿಸುವ ಕೆಲಸ ಮಾತ್ರ ಇಟ್ಟುಕೊಂಡೆ. ಅವರು ಬಂದು ಕೇಳಿದರು, ಮಾಡಿದೆ. ಅಸೋಸಿಯೇಷನ್ ಗ್ರೂಪಿನಲ್ಲಿ ಬೈದಿದ್ದರೆ ಖಂಡಿತ ಮಾಡುತ್ತಿರಲಿಲ್ಲ.

ಕನಕಪುರ ರಸ್ತೆ ಅಪಾರ್ಟ್‌ಮೆಂಟ್
ನಾನೂ ಹೋಗಿ ಕೇಳಿದ್ದೇನೆ ಸರ್. ಬಾಗಿಲು ತೆರೆದಿದ್ದು ಮೇಸ್ತ್ರಿ, ಓನರ್ ದುಬೈನಲ್ಲಿದ್ದಾರೆ. ಯಾರನ್ನು ಕೇಳಲಿ?

ಉತ್ತರಹಳ್ಳಿ ಅಮ್ಮ
ಎಲ್ಲ ಓದಿದೆ. ಇವತ್ತು ಅಳೆದು ನೋಡಿದರೆ ಅವನು ಕುಡಿಯುವ ಹಾಲು 900 ಎಂಎಲ್ ದಾಟಿದೆ. ನಾಳೆಯೇ ಡಾಕ್ಟರ ಹತ್ತಿರ ಹೋಗಿ ಹಿಮೋಗ್ಲೋಬಿನ್ ನೋಡಿಸುತ್ತೇನೆ. ಬೆಳಗಿನ ನಿದ್ದೆಯನ್ನು ದಿನಕ್ಕೆ ಹದಿನೈದು ನಿಮಿಷ ಮುಂದಕ್ಕೆ ತಳ್ಳಿ 12ಕ್ಕೆ ತರೋಣ ಅಂತ ಅತ್ತೆಯೂ ನಾನೂ ಮಾತಾಡಿಕೊಂಡೆವು. ಅಜ್ಜೀ, ಉತ್ತರಹಳ್ಳಿ ಕಡೆ ಒಂದೇ ಕೆಜಿ ರಾಗಿ ಬೀಸಿಕೊಡುವ ಮಿಲ್ ಸಿಗುತ್ತಾ? ಇಲ್ಲಿ ಐದು ಕೆಜಿಗಿಂತ ಕಡಿಮೆ ಹಾಕಲ್ಲ ಅಂದರು.

ರಾಜಾಜಿನಗರ ಅಜ್ಜಿ
ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಹೋಗಮ್ಮಾ, ಮಿಷನ್ ತೊಳೆದಿರುತ್ತಾರೆ, ಒಂದು ಕೆಜಿಯನ್ನೂ ಹಾಕುತ್ತಾರೆ. ಆಗಲಿಲ್ಲ ಅಂದರೆ ಹುರಿದದ್ದನ್ನು ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವೇ ಮಾಡಿಕೋ. ಎರಡು ಸಲ ಸೋಸಬೇಕಾಗುತ್ತದೆ ಅಷ್ಟೇ.