ಜೆರಾಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಉಳಿಯುವ ಗ್ರಾಹಕರ ದಾಖಲೆಗಳು: ಲಿನಕ್ಸ್‌ನಿಂದ ಎಷ್ಟು ರಕ್ಷಣೆ ಸಿಗುತ್ತದೆ?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಕಚೇರಿಯ ಎದುರು ನನ್ನದೊಂದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿಯಿದೆ. ಪಹಣಿ ತೆಗೆದುಕೊಡುವುದು, ನಾಡಕಚೇರಿ ತಾಣದಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ವಿದ್ಯಾರ್ಥಿವೇತನ, ಸೇವಾ ಸಿಂಧು, ಆಧಾರ್ ಪ್ರಿಂಟ್, ದಿನವಿಡೀ ಇದೇ ಕೆಲಸ. ಎರಡೂ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ 10 ಇದೆ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಹಳೆಯ ಯಂತ್ರಗಳಾದ್ದರಿಂದ ಇವುಗಳಿಗೆ ವಿಂಡೋಸ್ 11 ಬರುವುದಿಲ್ಲ.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಡೌನ್‌ಲೋಡ್ಸ್ ಫೋಲ್ಡರ್. ತೆರೆದರೆ ಸುತ್ತಲಿನ ಹಳ್ಳಿಗಳ ಜನರ ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ಪಡಿತರ ಚೀಟಿ, ಮಕ್ಕಳ ಅಂಕಪಟ್ಟಿ ಎಲ್ಲವೂ ಸಾಲಾಗಿ ಕಾಣುತ್ತವೆ. ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆ ನಿಜ, ಆದರೆ ಅದು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಪಕ್ಕದಲ್ಲೇ ಇರುವ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಎರಡೂ ಸಿಗುತ್ತವೆ. ವಿಂಡೋಸ್ ಬದಲು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಂಡರೆ ಗ್ರಾಹಕರ ಮಾಹಿತಿ ಸುರಕ್ಷಿತವಾಗಿರುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ಇದು ಎಷ್ಟರ ಮಟ್ಟಿಗೆ ನಿಜ? ದಯವಿಟ್ಟು ತಿಳಿದವರು ವಿವರವಾಗಿ ತಿಳಿಸಬೇಕು.

ಉತ್ತರ: ಮುಕ್ತಕಡತ

ಬದಲಾಯಿಸಿಕೊಳ್ಳಿ ಎಂದೇ ನನ್ನ ಸಲಹೆ, ಆದರೆ ಯಾವುದಕ್ಕಾಗಿ ಎಂಬುದು ಮೊದಲೇ ಸ್ಪಷ್ಟವಾಗಿರಲಿ. ಲಿನಕ್ಸ್ ಹಾಕಿದ ಮಾತ್ರಕ್ಕೆ ಡೌನ್‌ಲೋಡ್ಸ್ ಫೋಲ್ಡರ್ ತಾನಾಗಿ ಖಾಲಿಯಾಗುವುದಿಲ್ಲ. ಅದರಿಂದ ನಿಮಗೆ ಸಿಗುವ ನಿಜವಾದ ಲಾಭವೆಂದರೆ, ಒಂದು ಕಾಗದ ನಿಮ್ಮ ಯಂತ್ರದೊಳಗೆ ಎಲ್ಲೆಲ್ಲಿ ತಂಗುತ್ತದೆ ಎಂಬುದನ್ನು ನೋಡುವ ಮತ್ತು ಅಲ್ಲಿ ತಂಗದಂತೆ ಮಾಡುವ ಅಧಿಕಾರ.

ಲಿನಕ್ಸ್‌ನ ಹಲವು ರೂಪಗಳಲ್ಲಿ ಒಂದಾದ ಲಿನಕ್ಸ್ ಮಿಂಟ್ 22 ನಿಮ್ಮ ಕೆಲಸಕ್ಕೆ ಸಾಕು. ಅದಕ್ಕೆ 2029ರವರೆಗೆ ಭದ್ರತಾ ಪರಿಷ್ಕರಣೆಗಳು ಬರುತ್ತವೆ. ಯಂತ್ರ ನಿಧಾನವಿದ್ದರೆ ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಆರಿಸಿಕೊಳ್ಳಿ. ಇನ್‌ಸ್ಟಾಲ್ ಮಾಡುವಾಗಲೇ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ, ಅಂದರೆ ಗುಪ್ತಲಿಪಿಯಲ್ಲಿ ಇಡುವ, ಆಯ್ಕೆಯೊಂದು ಬರುತ್ತದೆ, ಅದನ್ನು ತಪ್ಪದೇ ಗುರುತು ಮಾಡಿ. ಇದು ಲಕ್ಸ್ ಎಂಬ ವ್ಯವಸ್ಥೆ. ಅಂಗಡಿಗೆ ಕಳ್ಳರು ನುಗ್ಗಿದರೂ, ಮುಂದೊಂದು ದಿನ ಡಿಸ್ಕ್ ಗುಜರಿಗೆ ಹೋದರೂ, ಪಾಸ್‌ವರ್ಡ್ ಇಲ್ಲದೆ ಒಳಗಿರುವುದನ್ನು ಓದಲು ಆಗುವುದಿಲ್ಲ. ಎಸ್‌ಎಸ್‌ಡಿ (ಹೊಸ ಬಗೆಯ ವೇಗದ ಡಿಸ್ಕ್) ಹಾಕಿಸಿಕೊಂಡಿದ್ದರೆ ಇದು ಇನ್ನೂ ಮುಖ್ಯ, ಏಕೆಂದರೆ ಎಸ್‌ಎಸ್‌ಡಿಯಲ್ಲಿ ಕಡತವೊಂದರ ಮೇಲೆ ಮತ್ತೆ ಮತ್ತೆ ಬರೆದು ಅಳಿಸುವ ಹಳೆಯ ವಿಧಾನವನ್ನು ನಂಬುವಂತಿಲ್ಲ.

ಎರಡನೆಯದು ಅತಿಥಿ ಸೆಷನ್. ಮಿಂಟ್‌ನ ಲಾಗಿನ್ ವಿಂಡೋ ಸೆಟ್ಟಿಂಗ್‌ನಲ್ಲಿ ಇದನ್ನು ಚಾಲೂ ಮಾಡಬೇಕು. ಮೊದಲಿಗೆ ಆಫ್ ಆಗಿರುತ್ತದೆ. ಗ್ರಾಹಕರ ಕೆಲಸವನ್ನೆಲ್ಲ ಈ ಸೆಷನ್ನಿನಲ್ಲೇ ಮಾಡಿ ಲಾಗ್‌ಔಟ್ ಆದರೆ, ಇಳಿಸಿಕೊಂಡ ಪಿಡಿಎಫ್, ಬ್ರೌಸರಿನ ಇತಿಹಾಸ, ಬಿಟ್ಟುಹೋದ ಲಾಗಿನ್ ಎಲ್ಲವೂ ಒಟ್ಟಿಗೆ ಅಳಿಸಿಹೋಗುತ್ತವೆ. ಪ್ರತಿಯೊಬ್ಬರ ನಂತರ ಲಾಗ್‌ಔಟ್ ಆಗುವುದು ಕಷ್ಟವೆನಿಸಿದರೆ ಊಟದ ಹೊತ್ತಿಗೊಮ್ಮೆ, ಬಾಗಿಲು ಹಾಕುವಾಗೊಮ್ಮೆಯಾದರೂ ಮಾಡಿ.

ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಜಾಗವಿದೆ: ಪ್ರಿಂಟ್ ಸರತಿ. ಲಿನಕ್ಸ್‌ನಲ್ಲಿ ಮುದ್ರಣ ನೋಡಿಕೊಳ್ಳುವುದು ಕಪ್ಸ್ ಎಂಬ ಮುಕ್ತ ತಂತ್ರಾಂಶ, ಅಂದರೆ ಮೂಲ ಸಂಕೇತವನ್ನು ಯಾರು ಬೇಕಾದರೂ ನೋಡಬಹುದಾದ ತಂತ್ರಾಂಶ. ಮತ್ತೆ ಪ್ರಿಂಟ್ ಬೇಕಾದರೆ ಇರಲಿ ಎಂದು ಅದು ಪ್ರತಿ ಕಡತದ ನಕಲನ್ನು ಸಾಮಾನ್ಯವಾಗಿ 86,400 ಸೆಕೆಂಡು, ಅಂದರೆ ಒಂದು ಪೂರ್ತಿ ದಿನ, ತನ್ನ ಸ್ಪೂಲ್ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ಅತಿಥಿ ಸೆಷನ್ ಮುಚ್ಚಿದರೂ ಈ ನಕಲು ಹೋಗುವುದಿಲ್ಲ. ಕಪ್ಸ್‌ನ ಸೆಟ್ಟಿಂಗ್ ಕಡತದಲ್ಲಿ ‘ಪ್ರಿಸರ್ವ್ ಜಾಬ್ ಫೈಲ್ಸ್’ ಎಂಬ ಸಾಲಿನ ಮುಂದೆ ‘ನೋ’ ಎಂದು ಬರೆದು ಕಪ್ಸನ್ನು ರೀಸ್ಟಾರ್ಟ್ ಮಾಡಿದರೆ, ಪ್ರಿಂಟ್ ಮುಗಿದ ಕೂಡಲೇ ನಕಲು ಅಳಿಯುತ್ತದೆ. ಮುಕ್ತ ತಂತ್ರಾಂಶದ ಮೇಲೆ ನನಗಿರುವ ಗೌರವಕ್ಕೆ ಕಾರಣ ಇಂಥ ಸಂಗತಿಗಳೇ. ಅದೂ ನಕಲು ಇಟ್ಟುಕೊಳ್ಳುತ್ತದೆ, ಆದರೆ ಎಲ್ಲಿ, ಎಷ್ಟು ಹೊತ್ತು ಎಂಬುದನ್ನು ಕೈಪಿಡಿಯಲ್ಲಿ ಬಹಿರಂಗವಾಗಿ ಬರೆದಿಟ್ಟು, ಬದಲಿಸುವ ಹಕ್ಕನ್ನು ನಿಮಗೇ ಬಿಟ್ಟಿರುತ್ತದೆ.

ಉತ್ತರ: ಹೊಸಪೇಟೆ ಓದುಗ

ಮುಕ್ತಕಡತ ಅವರ ವಿವರಣೆಯನ್ನು ಒಪ್ಪುತ್ತೇನೆ. ಆದರೂ ಮುಕ್ತ ಎಂದ ಕೂಡಲೇ ಸುರಕ್ಷಿತ ಎಂದುಕೊಳ್ಳಬಾರದು ಎಂಬ ಮಾತನ್ನು ಸೇರಿಸಬೇಕಾಗಿದೆ. 2012ರಲ್ಲಿ ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 12.10 ಆವೃತ್ತಿಯಲ್ಲಿ ಬಳಕೆದಾರರು ತಮ್ಮದೇ ಕಂಪ್ಯೂಟರಿನಲ್ಲಿ ಏನನ್ನಾದರೂ ಹುಡುಕಿದರೆ ಆ ಪದಗಳು ಉಬುಂಟು ತಯಾರಿಸುವ ಕಂಪನಿಯ ಸರ್ವರಿಗೆ ಹೋಗಿ ಅಮೆಜಾನ್‌ನ ಸರಕುಗಳ ಪಟ್ಟಿ ಬರುತ್ತಿತ್ತು. ಬಹಳ ಆಕ್ಷೇಪ ಬಂದು, 16.04ರ ಹೊತ್ತಿಗೆ ಅದು ತಾನಾಗಿ ಚಾಲೂ ಇರುವುದು ನಿಂತಿತು. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ (ಕಡತಗಳನ್ನು ಕುಗ್ಗಿಸುವ ಮುಕ್ತ ತಂತ್ರಾಂಶ) ಪ್ರಕರಣ ಇನ್ನೂ ಗಂಭೀರವಾದದ್ದು: ಅದರ ನಿರ್ವಾಹಕರ ವಿಶ್ವಾಸ ಗಳಿಸಿದ ವ್ಯಕ್ತಿಯೊಬ್ಬ ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿ ಸೇರಿಸಿದ್ದ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಕಂಪ್ಯೂಟರನ್ನು ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್‌ಗೆ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂಬುದನ್ನು ಗಮನಿಸಿ, ಕಾರಣ ಹುಡುಕುತ್ತಾ ಹೋಗಿ ಅದನ್ನು ಪತ್ತೆ ಮಾಡಿದರು. ಹೊರಗಿನವರೊಬ್ಬರು ಮೂಲ ಸಂಕೇತದವರೆಗೂ ಹೋಗಿ ನೋಡಲು ಸಾಧ್ಯವಾದದ್ದರಿಂದಲೇ ಇದು ಬೇಗ ಸಿಕ್ಕಿತು ಎಂಬುದು ನಿಜ. ಆದರೆ ಅದು ಒಳಗೆ ಬಂದದ್ದೂ ಅಷ್ಟೇ ನಿಜ. ಆದ್ದರಿಂದ ಮಿಂಟ್‌ನ ಅಪ್‌ಡೇಟ್ ಮ್ಯಾನೇಜರ್ ಸೂಚನೆ ಕೊಟ್ಟಾಗ ಮುಂದೂಡಬೇಡಿ, ಅದರ ಭಂಡಾರದಲ್ಲಿರುವ ತಂತ್ರಾಂಶಗಳನ್ನು ಬಿಟ್ಟು ಎಲ್ಲಿಂದಲೋ ಇಳಿಸಿಕೊಂಡದ್ದನ್ನು ಹಾಕಬೇಡಿ.

ಮತ್ತೆ ಕೇಳಿದ್ದು: ತುಂಗಾತೀರ

ಇಬ್ಬರಿಗೂ ಧನ್ಯವಾದಗಳು. ಪ್ರಿಂಟ್ ಸರತಿಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಇನ್ನು ಮೂರು ಸಂದೇಹಗಳಿವೆ: ನುಡಿಯಲ್ಲಿ ಟೈಪ್ ಮಾಡಿದ ಹಳೆಯ ಅರ್ಜಿಗಳ ನಮೂನೆಗಳು ತೆರೆದುಕೊಳ್ಳುತ್ತವೆಯೇ? ಬೆರಳ ಗುರುತು ಓದುವ ಸಾಧನ ಕೆಲಸ ಮಾಡುತ್ತದೆಯೇ? ಹಳೆಯ ಲೇಸರ್ ಪ್ರಿಂಟರ್ ಹೊಂದಿಕೊಳ್ಳುತ್ತದೆಯೇ?

ಉತ್ತರ: ಮುಕ್ತಕಡತ

ಪ್ರಿಂಟರ್ ವಿಷಯವನ್ನು ಊಹಿಸುವ ಅಗತ್ಯವಿಲ್ಲ. ಮಿಂಟ್ ಅನ್ನು ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ, ಡಿಸ್ಕನ್ನು ಮುಟ್ಟದೆ, ಒಂದು ಪುಟ ಪ್ರಿಂಟ್ ತೆಗೆದು ನೋಡಿ. ಈಚಿನ ನೆಟ್‌ವರ್ಕ್ ಪ್ರಿಂಟರ್‌ಗಳು ಡ್ರೈವರ್ ಇಲ್ಲದೆಯೇ ನಡೆಯುತ್ತವೆ. ಹಳೆಯ ಕೆಲವು ಲೇಸರ್ ಮಾದರಿಗಳು ತಯಾರಕರದೇ ಗುಟ್ಟಿನ ವಿಧಾನ ಬಳಸುವುದರಿಂದ ತೊಂದರೆ ಕೊಡುತ್ತವೆ.

ಕನ್ನಡ ಟೈಪಿಂಗ್‌ಗೆ ಕೀಬೋರ್ಡ್ ವಿನ್ಯಾಸಗಳ ಪಟ್ಟಿಯಲ್ಲಿ ಕಗಪ ಎಂಬ ಕನ್ನಡ ವಿನ್ಯಾಸ ಇದ್ದೇ ಇದೆ, ಸೇರಿಸಿಕೊಂಡರೆ ಸಾಕು. ಹಳೆಯ ನಮೂನೆಗಳು ಯೂನಿಕೋಡ್ ಎಂಬ ಸಾರ್ವತ್ರಿಕ ಅಕ್ಷರ ಸಂಕೇತದಲ್ಲಿದ್ದರೆ ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದಲ್ಲಿ ತೆರೆದುಕೊಳ್ಳುತ್ತವೆ. ನುಡಿಯ ಹಳೆಯ ಆಸ್ಕಿ ಅಕ್ಷರಗಳಲ್ಲಿದ್ದರೆ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಅವನ್ನು ಒಮ್ಮೆ ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

ಬೆರಳ ಗುರುತು ಓದುವ ಸಾಧನದ ತಂತ್ರಾಂಶ ಸಾಮಾನ್ಯವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗಷ್ಟೇ ಸರಿಯಾಗಿ ಸಿಗುತ್ತದೆ. ಬೆಂಬಲ ಮುಗಿದ ವಿಂಡೋಸ್ 10ನ್ನು ಅದಕ್ಕಾಗಿ ಉಳಿಸಿಕೊಳ್ಳುವುದಕ್ಕಿಂತ, ಆ ಕೆಲಸಕ್ಕೆಂದೇ ಒಂದು ಆಂಡ್ರಾಯ್ಡ್ ಫೋನ್ ಇಟ್ಟುಕೊಂಡು ಎರಡೂ ಕಂಪ್ಯೂಟರ್‌ಗಳನ್ನು ಲಿನಕ್ಸ್‌ಗೆ ಬದಲಿಸುವುದು ಸರಿಯಾದ ಕ್ರಮ.

ಉತ್ತರ: ಸೋರಿಕೆ ತಡೆ

ಒಂದು ದೊಡ್ಡ ದಾರಿ ಇನ್ನೂ ತೆರೆದೇ ಇದೆ. ಗ್ರಾಹಕರು ಕಾಗದಗಳನ್ನು ಕಳುಹಿಸುವುದು ಅಂಗಡಿಯ ವಾಟ್ಸ್‌ಆ್ಯಪ್ ಸಂಖ್ಯೆಗೆ. ಕಂಪ್ಯೂಟರಿನಲ್ಲಿ ಎಷ್ಟೇ ಅಳಿಸಿದರೂ ಫೋನಿನ ಗ್ಯಾಲರಿಯಲ್ಲಿ ಆಧಾರ್ ಚಿತ್ರಗಳು ಸೇರುತ್ತಲೇ ಇರುತ್ತವೆ, ಬ್ಯಾಕಪ್ ಚಾಲೂ ಇದ್ದರೆ ಗೂಗಲ್ ಖಾತೆಗೂ ಹೋಗುತ್ತವೆ. ಇದಕ್ಕೆ ಲಿನಕ್ಸ್‌ನಲ್ಲಿ ಪರಿಹಾರವಿಲ್ಲ, ಫೋನಿನಲ್ಲಿದೆ. ಮಾಧ್ಯಮಗಳು ಗ್ಯಾಲರಿಯಲ್ಲಿ ಕಾಣುವ ಆಯ್ಕೆಯನ್ನೂ ಬ್ಯಾಕಪನ್ನೂ ಆಫ್ ಮಾಡಿ. ಹೊಸ ಸಂಭಾಷಣೆಗಳೆಲ್ಲ 24 ಗಂಟೆಯಲ್ಲಿ ಮಾಯವಾಗುವಂತೆ ಡೀಫಾಲ್ಟ್ ಟೈಮರ್ ಹಾಕಿ. ಪೂರ್ತಿ ಸಂಖ್ಯೆ ಕೇಳದ ಕಡೆಗಳಿಗೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರನ್ನೇ ತೆಗೆದುಕೊಡಿ. ಆಧಾರ್ ನೀಡುವ ಸಂಸ್ಥೆಯಾದ ಯುಐಡಿಎಐ ತಾಣದಲ್ಲಿ ಇಳಿಸಿಕೊಳ್ಳುವಾಗ ಆ ಆಯ್ಕೆ ಇರುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಕುರಿತು ಹೂಡಿದ್ದ ಮೊಕದ್ದಮೆಯಲ್ಲಿ. ಆ ಹಕ್ಕು ಪಹಣಿ ತೆಗೆಸಲು ಬಂದ ರೈತರಿಗೂ ಇದೆ. ಹಾಗಾಗಿ ಕೌಂಟರಿನ ಮೇಲೆ ಕನ್ನಡದಲ್ಲಿ ಒಂದು ಫಲಕ ಹಾಕಿ: ‘ಕೆಲಸ ಮುಗಿದ ಮೇಲೆ ನಿಮ್ಮ ಕಡತವನ್ನು ನಿಮ್ಮೆದುರಿಗೇ ಅಳಿಸುತ್ತೇವೆ, ದಯವಿಟ್ಟು ಕೇಳಿ ಅಳಿಸಿಕೊಳ್ಳಿ.’