ಅಪ್‌ಡೇಟ್: ಬಿಚ್ಚದೆ ಹೋಲಿಸುವ ಎನ್‌ಕ್ರಿಪ್ಶನ್ ಬಗ್ಗೆ ಕೇಳಿದ್ದೆ

ಬೀದರ್, ಕಲಬುರಗಿಯ ಎರಡು ಕ್ಲಿನಿಕ್‌ಗಳಿಗೂ ಹೋಗುವ ರೋಗಿಗಳು ಯಾರು ಅಂತ, ಎನ್‌ಕ್ರಿಪ್ಟ್ ಆದ (ಗುಪ್ತ ಸಂಕೇತವಾಗಿಸಿದ) ಮೊಬೈಲ್ ನಂಬರ್ ಬಿಚ್ಚದೆ ನೋಡಬಹುದಾ, ಅದೂ ಕ್ವಾಂಟಮ್ ಕಂಪ್ಯೂಟರಿಗೂ ಜಗ್ಗದಂತೆ, ಎಂದು ಕೇಳಿದ್ದೆ.

ಆಗ್ತದ್ರಿ. 2010ರಲ್ಲಿ ಬಂದ ಸಮಾನತೆ ಪರೀಕ್ಷೆಯ (ಎರಡು ಗುಪ್ತ ಸಂಕೇತಗಳ ಒಳಗಿರೋದು ಒಂದೇನಾ ಅಂತ ಬಿಚ್ಚದೆ ನೋಡುವ) ಪದ್ಧತಿ, ಎಲಿಪ್ಟಿಕ್ ಕರ್ವ್ ಎಂಬ ವಕ್ರರೇಖೆಗಳ ಮೇಲಿನ ಪೇರಿಂಗ್ ಗಣಿತದ್ದು. ಕ್ವಾಂಟಮ್ ಕಂಪ್ಯೂಟರಿನಲ್ಲಿ ಓಡಿಸಿ ಇಂಥ ಗಣಿತವನ್ನು ಒಡೆಯುವ ಶೋರ್ ಅಲ್ಗಾರಿದಮ್ ಎದುರು ಅದು ನಿಲ್ಲೋದಿಲ್ಲ. ಹಾಗಾಗಿ ಕ್ವಾಂಟಮ್‌ಗೂ ಜಗ್ಗದು ಎಂದು ನಂಬಲಾದ ಲ್ಯಾಟಿಸ್ (ಬಿಂದುಗಳ ಜಾಲರಿಯ ಗಣಿತ) ಆಧಾರದ ಪದ್ಧತಿಗಳತ್ತ ಹೊರಳಿದೆವು. ಅಲ್ಲಿ ನಂಬರಿನ ಹ್ಯಾಶ್ (ಅದರಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಗುರುತು) ಅನ್ನೂ ಎನ್‌ಕ್ರಿಪ್ಟ್ ಮಾಡಿ, ಹೋಲಿಸುವವರಿಗೆ ಆ ಹ್ಯಾಶ್‌ನ ಟ್ರ್ಯಾಪ್‌ಡೋರ್ (ಅದನ್ನಷ್ಟೇ ಬಿಚ್ಚುವ ಕೀಲಿ) ಮಾತ್ರ ಕೊಡ್ತಾರೆ.

ನಿದ್ದೆಗೆಡಿಸಿದ್ದು ಬೇರೆಯೇ. ಮೊಬೈಲ್ ನಂಬರ್ ಹತ್ತೇ ಅಂಕಿ. ಟ್ರ್ಯಾಪ್‌ಡೋರ್ ಇದ್ದವರು ಒಂದೊಂದೇ ನಂಬರನ್ನು ತಾವೇ ಎನ್‌ಕ್ರಿಪ್ಟ್ ಮಾಡಿ ಹೋಲಿಸುತ್ತಾ ಹೋದರೆ ಗುಟ್ಟು ಬಯಲು! ಲ್ಯಾಟಿಸ್ ಇದಕ್ಕೆ ಮದ್ದಲ್ಲ. ಅದಕ್ಕೇ ಪರೀಕ್ಷೆಯನ್ನು ಎರಡು ಸರ್ವರ್‌ಗಳಿಗೆ ಹಂಚುವ ಪದ್ಧತಿ ಆರಿಸಿದ್ದೇವೆ. ಎರಡೂ ಕೈಜೋಡಿಸದ ಹೊರತು ಈ ಊಹೆಯಾಟ ನಡೆಯದು.