ಎಕ್ಸಲರೇಟರ್ ಬಿಟ್ಟರೆ ಫಟ್ ಫಟ್, ನಾಲ್ಕೂ ಪ್ಲಗ್ ಕಪ್ಪು: 1992ರ ಎಂಎಕ್ಸ್-5

ಕೆಂಪುಗಾಡಿ:

ನನ್ನದು 1992ರ ಮಾಜ್ದಾ ಎಂಎಕ್ಸ್-5 ಕಾರು, ಮೊದಲ ತಲೆಮಾರಿನದು, 1.6 ಲೀಟರ್ ಎಂಜಿನ್. ಸೈಲೆನ್ಸರ್ ಮಾತ್ರ ಹಿಂದಿನ ಮಾಲೀಕರು ಬೇರೆ ಹಾಕಿಸಿದ್ದಾರೆ, ಉಳಿದದ್ದೆಲ್ಲ ಕಂಪನಿಯಿಂದ ಬಂದ ಹಾಗೇ ಇದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಟಿಕ್ ಟಿಕ್ ಅಂತ ಸದ್ದು. ಎಂಜಿನ್ ಬಿಸಿಯಾಗ್ತಾ ಬಂದ ಹಾಗೆ ಕಮ್ಮಿಯಾಗುತ್ತೆ, ಪೂರ್ತಿ ಹೋಗಲ್ಲ. ಐಡಲ್‌ನಲ್ಲಿ (ಎಕ್ಸಲರೇಟರ್ ಒತ್ತದೆ ಎಂಜಿನ್ ಓಡ್ತಿರುವಾಗ) ಹಿಂದೆ ನಿಂತರೆ ಕಣ್ಣು ಉರಿಯುವಷ್ಟು ಪೆಟ್ರೋಲ್ ವಾಸನೆ. ಪೈಪಿನ ಬಾಯಿಗೆ ಬೆರಳು ಹಾಕಿದರೆ ಒಣ ಮಸಿ ಮೆತ್ತಿಕೊಳ್ಳುತ್ತೆ. ಪ್ಲಗ್ ಬಿಚ್ಚಿ ನೋಡಿದೆ, ನಾಲ್ಕೂ ಒಂದೇ ಥರ ಕಪ್ಪು. ಮೈಲೇಜ್ ಬಿದ್ದುಹೋಗಿದೆ. ಗೇರ್‌ನಲ್ಲಿ ಇಳಿಜಾರು ಇಳಿಯುವಾಗ ಎಕ್ಸಲರೇಟರ್ ಬಿಟ್ಟರೆ ಹಿಂದಿನಿಂದ ಫಟ್ ಫಟ್. ಇಷ್ಟೆಲ್ಲ ಇದ್ದೂ ಎಕ್ಸಲರೇಟರ್ ತಳಕ್ಕೆ ಒತ್ತಿದರೆ ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ 7,000 ಆರ್‌ಪಿಎಂವರೆಗೆ ಸಲೀಸಾಗಿ ಎಳೆಯುತ್ತೆ.

ಗ್ಯಾರೇಜಿನವರು ಮೊದಲು ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡೋದು) ಬದಲಾಯಿಸಿದರು. ವ್ಯತ್ಯಾಸ ಇಲ್ಲ. ಈಗ ಏರ್‌ಫ್ಲೋ ಮೀಟರ್ (ಎಂಜಿನ್‌ಗೆ ಹೋಗೋ ಗಾಳಿ ಅಳೆಯೋದು) ಹಾಕಬೇಕು, ಕ್ಯಾಟಲಿಟಿಕ್ ಕನ್ವರ್ಟರೂ (ಹೊಗೆ ಶುದ್ಧ ಮಾಡೋ ಡಬ್ಬಿ) ಹೋಗಿರಬೇಕು ಅಂತಿದ್ದಾರೆ. "ಹೋಗಿರಬೇಕು" ಅನ್ನೋ ಮಾತಿನ ಮೇಲೆ ಅಷ್ಟು ದುಡ್ಡು ಹಾಕಲು ಮನಸ್ಸು ಬರ್ತಿಲ್ಲ. ಪ್ಲಗ್ ಬಿಚ್ಚೋದು, ಮಲ್ಟಿಮೀಟರ್ ಹಿಡಿಯೋದು ನನಗೆ ಬರುತ್ತೆ. ಅದಕ್ಕಿಂತ ಆಚೆ ಕೈ ಹಾಕಲ್ಲ. ಎಲ್ಲಿಂದ ಶುರು ಮಾಡಲಿ?

ಟ್ಯಾಪೆಟ್‌ರಾಜ:

ಟಿಕ್ ಟಿಕ್ ಬಗ್ಗೆ ತಲೆ ಕೆಡಿಸ್ಕೋಬೇಡಿ ಗುರೂ. ಈ ಎಂಜಿನ್‌ದು ಹೈಡ್ರಾಲಿಕ್ ಟ್ಯಾಪೆಟ್, ಅಂದ್ರೆ ವಾಲ್ವ್ ತಳ್ಳೋ ಭಾಗ ಆಯಿಲ್ ಒತ್ತಡದ ಮೇಲೆ ನಡೆಯುತ್ತೆ. ಆಯಿಲ್ ಹಳೇದಾದರೆ, ಇಲ್ಲಾ ಗಾಡಿ ತುಂಬಾ ದಿನ ನಿಂತಿದ್ದರೆ, ಬೆಳಿಗ್ಗೆ ಸದ್ದು ಮಾಡೇ ಮಾಡುತ್ತೆ. ಒಳ್ಳೆ ಆಯಿಲ್, ಹೊಸ ಫಿಲ್ಟರ್ ಹಾಕಿ ಓಡಿಸಿ. ಮಸಿ ಬೇರೆ ಕಥೆ, ಅದು ಏರ್‌ಫ್ಲೋ ಮೀಟರೇ ಇರಬಹುದು.

ಎಣ್ಣೆಕೈ:

ರಾಜ ಹೇಳಿದ್ದು ಅರ್ಧ ಸರಿ, ಈ ಎಂಜಿನ್ನಿನ ಟ್ಯಾಪೆಟ್ ಸದ್ದು ಮಾಡೋದು ನಿಜ. ಆದರೆ ಟ್ಯಾಪೆಟ್ ಸದ್ದಿಗೆ ಪ್ಲಗ್ ಕಪ್ಪಾಗಲ್ಲ. ಇವರ ಎಲ್ಲ ಲಕ್ಷಣವನ್ನೂ ಒಂದೇ ಕಾರಣ ಹೇಳಬಲ್ಲದಾದರೆ ಮೊದಲು ಅದನ್ನೇ ಹಿಡಿಯಬೇಕು.

ನನ್ನ ಅನುಮಾನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ, ಅಂದರೆ ನಾಲ್ಕೂ ಸಿಲಿಂಡರಿನ ಹೊಗೆ ಒಟ್ಟುಗೂಡಿಸೋ ಪೈಪುಗಳ ಮೇಲೆ. ಸೆನ್ಸರ್‌ಗಿಂತ ಮುಂಚೆ ಎಲ್ಲೋ ಸಣ್ಣ ಸೀಳು ಇದೆ, ಇಲ್ಲಾ ಗ್ಯಾಸ್ಕೆಟ್ ಊದಿಹೋಗಿದೆ. ಲೀಕ್ ಅಂದರೆ ಹೊಗೆ ಹೊರಗೆ ಬರೋದು ಅಷ್ಟೇ ಅಂದುಕೊಳ್ತಾರೆ ಜನ. ಗಾಳಿ ಒಳಗೂ ಹೋಗುತ್ತೆ. ಎಕ್ಸಾಸ್ಟ್ ಗ್ಯಾಸ್ ಒಂದೇ ಸಮ ಹರಿಯಲ್ಲ, ವಾಲ್ವ್ ತೆರೆದಾಗಲೆಲ್ಲ ಗುದ್ದು ಗುದ್ದಾಗಿ ಬರುತ್ತೆ. 850 ಆರ್‌ಪಿಎಂ ಐಡಲ್ ಅಂದರೆ ನಾಲ್ಕು ಸಿಲಿಂಡರಿಂದ ಸೆಕೆಂಡಿಗೆ ಸುಮಾರು 28 ಗುದ್ದು. ಪ್ರತಿ ಗುದ್ದಿನ ಬೆನ್ನಿಗೆ ಪೈಪಲ್ಲಿ ಒತ್ತಡ ಒಂದು ಕ್ಷಣ ಹೊರಗಿನ ಗಾಳಿಗಿಂತ ಕೆಳಗೆ ಇಳಿಯುತ್ತೆ. ಸೀಳು ಆಗ ಉಸಿರು ಎಳ್ಕೊಳ್ಳುತ್ತೆ. ಆ ಗಾಳಿಯಲ್ಲಿರೋ ಆಕ್ಸಿಜನ್ ಸೆನ್ಸರ್‌ಗೆ ತಾಗುತ್ತೆ. ಸೆನ್ಸರ್ "ಪೆಟ್ರೋಲ್ ಸಾಲ್ತಿಲ್ಲ" ಅಂತ ಇಸಿಯುಗೆ (ಎಂಜಿನ್ ನಡೆಸೋ ಕಂಪ್ಯೂಟರ್) ಹೇಳುತ್ತೆ. ಇಸಿಯು ನಂಬಿ ಪೆಟ್ರೋಲ್ ಹೆಚ್ಚು ಮಾಡುತ್ತೆ, ಅದೂ ನಾಲ್ಕೂ ಸಿಲಿಂಡರ್‌ಗೆ, ಯಾಕೆಂದರೆ ಸೆನ್ಸರ್ ಇರೋದು ಒಂದೇ. ಅದಕ್ಕೇ ನಾಲ್ಕು ಪ್ಲಗ್ಗೂ ಒಂದೇ ಥರ ಕಪ್ಪು. ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಒಂದು ಸೋರ್ತಿದ್ದರೆ ಒಂದು ಕಪ್ಪಾಗಿ ಮೂರು ಚೆನ್ನಾಗಿರ್ತಿತ್ತು.

ಪೂರ್ತಿ ಒತ್ತಿದಾಗ ಚೆನ್ನಾಗಿ ಎಳೆಯುತ್ತೆ ಅಂದ್ರಲ್ಲ, ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಬೆಲೆಯ ಸಾಲು ಅದೇ. ಫುಲ್ ಥ್ರಾಟಲ್‌ನಲ್ಲಿ ಇಸಿಯು ಆಕ್ಸಿಜನ್ ಸೆನ್ಸರ್ ಮಾತು ಕೇಳೋದೇ ಇಲ್ಲ, ತನ್ನ ಲೆಕ್ಕದ ಪಟ್ಟಿ ನೋಡಿ ಪೆಟ್ರೋಲ್ ಹಾಕುತ್ತೆ. ಸುಳ್ಳು ಹೇಳೋನ ಮಾತು ಕೇಳದೇ ಇದ್ದಾಗ ಗಾಡಿ ಸರಿ ಇದೆ. ಏರ್‌ಫ್ಲೋ ಮೀಟರ್ ಕೆಟ್ಟಿದ್ದರೆ ಅಲ್ಲೂ ತಡವರಿಸಬೇಕಿತ್ತು. ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದ್ದರಂತೂ ಮೇಲಿನ ಆರ್‌ಪಿಎಂನಲ್ಲಿ ಉಸಿರು ಕಟ್ಟಿ ಗಾಡಿ ಏಳ್ತಾನೇ ಇರಲಿಲ್ಲ.

ಇದು ಊಹೆ. ಸಾಬೀತು ಮಾಡಬೇಕು. ಸಾಮಾನೇನೂ ಕೊಳ್ಳಬೇಡಿ, ಮಲ್ಟಿಮೀಟರ್ ತಗೊಳ್ಳಿ, ಡಿಜಿಟಲ್‌ದೇ ಬೇಕು. ಗಾಡಿ ಪೂರ್ತಿ ಬಿಸಿಯಾದ ಮೇಲೆ ಸೆನ್ಸರ್ ವೈರಿನ ಕನೆಕ್ಟರ್ ಹಿಂಭಾಗದಿಂದ ಸಿಗ್ನಲ್ ವೋಲ್ಟೇಜ್ ನೋಡಿ, ವೈರ್ ಕತ್ತರಿಸಬೇಡಿ. ಎಲ್ಲ ಸರಿಯಿದ್ದರೆ ಅದು 0.1ರಿಂದ 0.9 ವೋಲ್ಟ್ ನಡುವೆ ಏರಿಳಿತಾ ಇರಬೇಕು, 0.45ರ ಆಚೆ ಈಚೆ. 0.2ಕ್ಕಿಂತ ಕೆಳಗೇ ಕೂತಿದ್ದರೆ ಸೆನ್ಸರ್ "ಲೀನ್" (ಪೆಟ್ರೋಲ್ ಕಮ್ಮಿ) ಅಂತಿದೆ ಅಂತ ಅರ್ಥ. ಎಕ್ಸಲರೇಟರ್ ಒಮ್ಮೆ ಪಟಕ್ಕನೆ ಒತ್ತಿಬಿಡಿ. 0.8ಕ್ಕೆ ಹಾರಿದರೆ ಸೆನ್ಸರ್‌ಗೆ ಜೀವ ಇದೆ. ಪ್ಲಗ್ ಕಪ್ಪು, ಸೆನ್ಸರ್ ಮಾತ್ರ ಪೆಟ್ರೋಲ್ ಕಮ್ಮಿ ಅನ್ನುತ್ತೆ ಅಂದರೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದ್ದಾರೆ, ಪ್ಲಗ್‌ಗೆ ಸುಳ್ಳು ಹೇಳಕ್ಕೆ ಬರಲ್ಲ. ಏರ್‌ಫ್ಲೋ ಮೀಟರ್ ತಪ್ಪಾಗಿದ್ದು ನಿಜವಾಗ್ಲೂ ಪೆಟ್ರೋಲ್ ಹೆಚ್ಚಾಗ್ತಿದ್ದರೆ ಸೆನ್ಸರ್ 0.8ರ ಹತ್ತಿರವೇ ಕೂರಬೇಕಿತ್ತು.

ಇನ್ನು ಟಿಕ್ ಟಿಕ್ ಯಾವುದರದು ಅಂತ ಬೇರೆ ಮಾಡೋದು. ಗಾಡಿ ತಣ್ಣಗಿರಲಿ. ಒಂದು ಇಂಜೆಕ್ಟರ್ ಕನೆಕ್ಟರ್ ತೆಗೆದು ಸ್ಟಾರ್ಟ್ ಮಾಡಿ. ಆ ಸಿಲಿಂಡರಲ್ಲಿ ಉರಿಯೋದು ನಿಂತರೆ ಅದರ ಎಕ್ಸಾಸ್ಟ್ ಗುದ್ದಿಗೆ ಜೋರಿರಲ್ಲ. ಟಿಕ್ ಮಾಯವಾದರೆ ಲೀಕ್ ಅಲ್ಲೇ. ಟ್ಯಾಪೆಟ್ ಸದ್ದಾದರೆ ಕನೆಕ್ಟರ್ ತೆಗೆದರೂ ಹಾಗೇ ಇರುತ್ತೆ. ಪ್ಲಗ್ ವೈರ್ ಎಳೆದು ಈ ಪರೀಕ್ಷೆ ಮಾಡೋರಿದ್ದಾರೆ, ಬೇಡ. ಉರಿಯದ ಪೆಟ್ರೋಲ್ ಸೀದಾ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತೆ, ಒಳಗಿನ ಜೇನುಗೂಡಿನಂಥ ಜಾಲರಿ ಕರಗುತ್ತೆ.

ಇದೆಲ್ಲ ಬಯಲಲ್ಲಿ ಮಾಡಿ. ಬಾಗಿಲು ಹಾಕಿದ ಶೆಡ್ಡಲ್ಲಿ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.

ನಾಲ್ಕುಚಕ್ರ:

ಎಣ್ಣೆಕೈ ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸ್ತೀನಿ. ಇಸಿಯು ಏನಾದರೂ ದೋಷದ ಕೋಡ್ ಬರೆದಿಟ್ಟಿದೆಯಾ ನೋಡಿ. 1992ರ ಗಾಡಿಗೆ ಕೋಡ್ ಓದೋ ಈಗಿನ ಒಬಿಡಿ-2 ಸ್ಕ್ಯಾನರ್ ಹಾಕಲು ಬರಲ್ಲ, ಅಮೆರಿಕದಲ್ಲೂ ಅದು ಕಡ್ಡಾಯವಾದದ್ದು 1996ರಿಂದ. ಬಾನೆಟ್ ಅಡಿಯಲ್ಲಿ "ಡಯಾಗ್ನೋಸಿಸ್" ಅಂತ ಬರೆದ ಸಣ್ಣ ಡಬ್ಬಿ ಇದೆ. ಅದರಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಪಿನ್ ಎರಡನ್ನೂ ತುಂಡು ವೈರಲ್ಲಿ ಸೇರಿಸಿ ಇಗ್ನಿಷನ್ ಆನ್ ಮಾಡಿದರೆ ಚೆಕ್ ಎಂಜಿನ್ ಲೈಟ್ ಮಿಣುಕಿ ನಂಬರ್ ಹೇಳುತ್ತೆ. 15 ಅಥವಾ 17 ಬಂದರೆ ಆಕ್ಸಿಜನ್ ಸೆನ್ಸರ್ ಕಡೆಯ ದೂರು. ಹಾಗಂತ ಸೆನ್ಸರೇ ಕೆಟ್ಟಿದೆ ಅಂತಲ್ಲ. ಬಹುಶಃ ನಿಮ್ಮ ಗ್ಯಾರೇಜಿನವರು ಅದನ್ನೇ ಓದಿ ಸೆನ್ಸರ್ ಬದಲಾಯಿಸಿರಬೇಕು.

ಏರ್‌ಫ್ಲೋ ಮೀಟರನ್ನು ಬಿಟ್ಟಿಯಾಗಿ ಪರೀಕ್ಷಿಸಬಹುದು. ಫಿಲ್ಟರ್ ಡಬ್ಬಿ ತೆಗೆದು ಒಳಗಿನ ರೆಕ್ಕೆಯನ್ನು ಬೆರಳಲ್ಲಿ ತಳ್ಳಿ. ಎಲ್ಲೂ ಸಿಕ್ಕಿಕೊಳ್ಳದೆ ಹೋಗಿ, ಬಿಟ್ಟ ಕೂಡಲೇ ವಾಪಸ್ ಬರಬೇಕು. ಇಗ್ನಿಷನ್ ಆನ್ ಇಟ್ಟು ತಳ್ಳಿದರೆ ಹಿಂದೆ ಪೆಟ್ರೋಲ್ ಪಂಪ್ ಗುಂಯ್ ಅನ್ನಬೇಕು, 1.6ರಲ್ಲಿ ಪಂಪಿನ ಸ್ವಿಚ್ ಆ ಮೀಟರ್ ಒಳಗೇ ಇದೆ.

ಕೆಂಪುಗಾಡಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೇಳಿದ್ದೆಲ್ಲ ಮಾಡಿದೆ.

ಏರ್‌ಫ್ಲೋ ರೆಕ್ಕೆ ಬೆಣ್ಣೆ ಥರ ಓಡಾಡುತ್ತೆ, ಪಂಪ್ ಸದ್ದೂ ಬಂತು. ಲೈಟ್ 17 ಅಂತ ಮಿಣುಕಿತು. ಐಡಲ್‌ನಲ್ಲಿ ಸೆನ್ಸರ್ 0.1ರ ಹತ್ತಿರವೇ ಕೂತಿದೆ. ಎಕ್ಸಲರೇಟರ್ ಒತ್ತಿದರೆ 0.8ಕ್ಕೆ ಹಾರಿ ಮತ್ತೆ ಕೆಳಗೆ ಬರುತ್ತೆ. ಇಂಜೆಕ್ಟರ್ ಪರೀಕ್ಷೆಯಲ್ಲಿ 1, 2, 3 ತೆಗೆದಾಗ ಸದ್ದು ಹಾಗೇ ಇತ್ತು. 4ನೇದು ತೆಗೆದೆ, ಸದ್ದು ಅರ್ಧಕ್ಕರ್ಧ ಹೋಯ್ತು. ಉಳಿದದ್ದು ಸಣ್ಣಗೆ, ಮೇಲಿನಿಂದ ಬರ್ತಿದೆ.

ಮ್ಯಾನಿಫೋಲ್ಡ್ ಮೇಲಿನ ತಗಡಿನ ಹೀಟ್ ಶೀಲ್ಡ್ ಬಿಚ್ಚಿ ಟಾರ್ಚ್ ಹಾಕಿದೆ. 4ನೇ ಪೈಪು ಫ್ಲ್ಯಾಂಜಿಗೆ (ಎಂಜಿನ್‌ಗೆ ಕೂರೋ ದಪ್ಪ ಪಟ್ಟಿ) ಬೆಸೆದಿರೋ ಜಾಗದಲ್ಲಿ, ಎಂಜಿನ್ ಕಡೆಗೆ ಮುಖ ಮಾಡಿ, ಕೂದಲೆಳೆ ಸೀಳು. ಮಿಕ್ಕ ಪೈಪೆಲ್ಲ ತುಕ್ಕಿನ ಕಂದು, ಸೀಳಿನ ಸುತ್ತ ಮಾತ್ರ ಬೀಸಣಿಗೆ ಆಕಾರಕ್ಕೆ ಕಪ್ಪು ಮಸಿ. ಶೀಲ್ಡ್ ಬಿಚ್ಚದೆ ಯಾರಿಗೂ ಕಾಣಲ್ಲ. ಅಲ್ಲೇ ಕೆಳಗಿನ ಒಂದು ನಟ್ಟೂ ಸಡಿಲ ಇತ್ತು.

ಈಗ ಬೆಸುಗೆ ಹಾಕಿಸಿದರೆ ನಡೆಯುತ್ತಾ, ಮ್ಯಾನಿಫೋಲ್ಡ್ ಬೇರೆ ಹಾಕಬೇಕಾ?

ಟ್ಯಾಪೆಟ್‌ರಾಜ:

ಮೇಲಿನಿಂದ ಬರ್ತಿರೋ ಆ ಸಣ್ಣ ಸದ್ದು ನನ್ನದು, ಬಿಟ್ಟುಕೊಡಲ್ಲ. 😄 ಆಯಿಲ್ ಬದಲಾಯಿಸಿ.

ಎಣ್ಣೆಕೈ:

ಅದು ನಿಮ್ಮದೇ ರಾಜ, ಇಟ್ಕೊಳ್ಳಿ.

ಕೆಂಪುಗಾಡಿ, ಬೆಸುಗೆ ನಡೆಯುತ್ತೆ. ನಿಮ್ಮದು ಎರಕದ ಮ್ಯಾನಿಫೋಲ್ಡ್ ಅಲ್ಲ, ಸ್ಟೇನ್‌ಲೆಸ್ ಪೈಪುಗಳನ್ನ ಬೆಸೆದು ಮಾಡಿದ್ದು. ಟಿಗ್ ವೆಲ್ಡಿಂಗ್ ಮಾಡೋರ ಹತ್ತಿರವೇ ಕೊಡಿ. ಸೀಳಿನ ಎರಡೂ ತುದಿಗೆ ಸಣ್ಣ ತೂತು ಕೊರೆದು ಆಮೇಲೆ ಬೆಸೆಯಲಿ, ಇಲ್ಲದಿದ್ದರೆ ಬೆಸುಗೆ ಮುಗಿದ ಜಾಗದಿಂದ ಸೀಳು ಮುಂದುವರಿಯುತ್ತೆ. ಫ್ಲ್ಯಾಂಜ್ ಬಾಗಿದೆಯಾ ಅಂತ ನೇರವಾದ ಸ್ಟೀಲ್ ಪಟ್ಟಿ ಇಟ್ಟು ನೋಡಲಿಕ್ಕೆ ಹೇಳಿ. ಎಕ್ಸಾಸ್ಟ್ ಪುಟ್ಟಿ, ಬ್ಯಾಂಡೇಜ್ ಪಟ್ಟಿ ಯಾವುದೂ ಈ ಜಾಗದಲ್ಲಿ ನಿಲ್ಲಲ್ಲ.

ಕಷ್ಟ ಇರೋದು ಬಿಚ್ಚೋದರಲ್ಲಿ. ಇಷ್ಟು ವರ್ಷ ಕಾದು ತಣ್ಣಗಾದ ಸ್ಟಡ್ಡು, ಹಟಕ್ಕೆ ಬಿದ್ದು ತಿರುಗಿಸಿದರೆ ತಲೆ ಕಟ್ಟಾಗಿ ಕೈಗೆ ಬರುತ್ತೆ, ಮಿಕ್ಕಿದ್ದು ಅಲ್ಯೂಮಿನಿಯಂ ಹೆಡ್ಡಲ್ಲೇ ಕೂರುತ್ತೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಡಿ. ನಟ್ಟು ಜಗ್ಗದಿದ್ದರೆ ಸ್ವಲ್ಪ ಬಿಗಿ ಮಾಡಿ, ಆಮೇಲೆ ಬಿಡಿಸಿ, ಹೀಗೆ ಹಿಂದೆ ಮುಂದೆ ಆಡಿಸುತ್ತಾ ತೆಗೀಬೇಕು. ಪ್ಲಗ್, ಮಲ್ಟಿಮೀಟರ್ ಆಚೆಗೆ ನೀವು ಕೈ ಹಾಕಲ್ಲ ಅಂದಿದ್ದೀರಿ, ಹಾಗಾಗಿ ಈ ಕೆಲಸ ಸಮಾಧಾನ ಇರೋ ಮೆಕ್ಯಾನಿಕ್‌ಗೆ ಬಿಡಿ. ಗ್ಯಾಸ್ಕೆಟ್ ಹೊಸದು, ನಟ್ಟುಗಳೂ ಹೊಸವು.

ಕೆಂಪುಗಾಡಿ:

ಬೆಸುಗೆ ಆಯ್ತು, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದರು. ಒಂದು ಸ್ಟಡ್ ಕಟ್ಟಾಗಿದ್ದನ್ನು ಕೊರೆದು ತೆಗೆದಿದ್ದಾರೆ. ಈಗ ವೋಲ್ಟೇಜ್ ಕೆಳಗೆ ಮೇಲೆ ಆಡ್ತಾ ಇದೆ, ವಾಸನೆ ಇಲ್ಲ. ಕೆಲವು ದಿನ ಓಡಿಸಿ ಪ್ಲಗ್ ನೋಡಿದೆ, ತುದಿ ತಿಳಿ ಕಂದು ಬಣ್ಣಕ್ಕೆ ತಿರುಗ್ತಿದೆ. ಆದರೆ ಇಳಿಜಾರಲ್ಲಿ ಎಕ್ಸಲರೇಟರ್ ಬಿಟ್ಟರೆ ಈಗಲೂ ಆಗೊಮ್ಮೆ ಈಗೊಮ್ಮೆ ಫಟ್ ಅನ್ನುತ್ತೆ, ಮೊದಲಿನಷ್ಟಿಲ್ಲ.

ನಾಲ್ಕುಚಕ್ರ:

ಅದು ಆ ಹೊರಗಿನ ಸೈಲೆನ್ಸರ್ ಮಹಿಮೆ. ಒಳಗೆ ಅಡ್ಡ ತಡೆ ಕಮ್ಮಿ ಇದ್ದರೆ ಸಣ್ಣ ಫಟ್ ಕೂಡ ದೊಡ್ಡದಾಗಿ ಕೇಳುತ್ತೆ. ಬಿಟ್ಟುಬಿಡಿ.

ಎಣ್ಣೆಕೈ:

ಬಿಡೋ ಮುಂಚೆ ಒಂದು ಸಲ ನೋಡೋದು ಒಳ್ಳೇದು. ಎಕ್ಸಲರೇಟರ್ ಬಿಟ್ಟಾಗ ಪೈಪಲ್ಲಿ ಉಳಿದ ಅರೆಬೆಂದ ಪೆಟ್ರೋಲ್ ಆವಿಗೆ ಹೊಸ ಗಾಳಿ ಸಿಕ್ಕರೇ ಅದು ಸಿಡಿಯೋದು. ಸೆನ್ಸರ್‌ನಿಂದ ಹಿಂದಿನ ಯಾವುದಾದರೂ ಜೋಡಣೆ ಸೋರಿದರೂ ಸಾಕು, ಅದು ಸೆನ್ಸರ್‌ಗೆ ತಿಳಿಯೋದೂ ಇಲ್ಲ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ದಪ್ಪ ಗ್ಲೌಸ್ ಹಾಕಿಕೊಂಡು ಬಟ್ಟೆ ಮುದ್ದೆಯಲ್ಲಿ ಹಿಂದಿನ ಪೈಪಿನ ಬಾಯಿ ಕೆಲವು ಕ್ಷಣ ಒತ್ತಿ ಹಿಡೀರಿ. ಇನ್ನೊಬ್ಬರು ಪಕ್ಕದಲ್ಲಿ ಬಗ್ಗಿ ಕಿವಿ ಕೊಡಲಿ, ಜಾಕ್ ಮೇಲೆ ನಿಲ್ಲಿಸಿದ ಗಾಡಿ ಕೆಳಗೆ ತಲೆ ಹಾಕೋದು ಬೇಡ. ಉಸ್ ಅಂದ ಜೋಡಣೆಗೆ ಸೋಪಿನ ನೀರು ಚಿಮುಕಿಸಿದರೆ ಗುಳ್ಳೆ ತೋರಿಸುತ್ತೆ. ಏನೂ ಸಿಗಲಿಲ್ಲವಾ, ಆಗ ನಾಲ್ಕುಚಕ್ರ ಹೇಳಿದ್ದೇ ಸರಿ.

ಕನ್ವರ್ಟರನ್ನೂ ಈಗಲೇ ಪರೀಕ್ಷಿಸಿ. ಅಷ್ಟು ದಿನ ಹೆಚ್ಚು ಪೆಟ್ರೋಲ್ ಕುಡಿದಿದೆ, ಒಳಗೆ ಏನಾಗಿದೆಯೋ. ತಣ್ಣಗಿದ್ದಾಗ ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಗಲಗಲ ಅಂದರೆ ಒಳಗಿನ ಜೇನುಗೂಡು ಒಡೆದಿದೆ. ಕಟ್ಟಿಕೊಂಡಿದೆಯಾ ಅಂತ ತಿಳೀಬೇಕಾದರೆ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಷರ್ ಗೇಜ್ ಹಾಕಿಸಿ. 2,500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿದರೆ ಮಾತ್ರ ಬದಲಾಯಿಸುವ ಮಾತು. ಸೆನ್ಸರ್ ವಾಪಸ್ ಹಾಕುವಾಗ ಆಂಟಿ-ಸೀಜ್ (ಸಿಕ್ಕಿಕೊಳ್ಳದ ಹಾಗೆ ಹಚ್ಚೋ ಪೇಸ್ಟ್) ಥ್ರೆಡ್ಡಿಗಷ್ಟೇ ಸವರಿ, ತುದಿಗೆ ತಾಗಬಾರದು. ಮ್ಯಾನಿಫೋಲ್ಡ್ ನಟ್ಟುಗಳು ನಾಲ್ಕಾರು ಸಲ ಕಾದು ತಣ್ಣಗಾದ ಮೇಲೆ ಸಡಿಲಾಗುವುದುಂಟು. ಎಂಜಿನ್ ತಣ್ಣಗಿರುವಾಗ ಟಾರ್ಕ್ ರೆಂಚಲ್ಲಿ ಇನ್ನೊಮ್ಮೆ ನೋಡಿಸಿ, ಹೀಟ್ ಶೀಲ್ಡ್ ಆಮೇಲೆ ಹಾಕಿದರೆ ಸಾಕು.